ಅಂತರ್ಜಾಲವೂ ಮನೆಯ ಗುಟ್ಟೂ

"ಮುಚ್ಚಿಡುವಂಥಾದ್ದು ನಮ್ಮಲ್ಲೇನಿದೆ? ಕತ್ತಲೆ ಬೇಕಾದುದು ಕಳ್ಳರಿಗೆ." ಅಂತರ್ಜಾಲದಲ್ಲಿ ಗೌಪ್ಯವನ್ನು ಕಾಪಾಡಿಕೊಳ್ಳುವ ವಿಷಯವನ್ನು ಎತ್ತಿದೊಡನೆ ನಮ್ಮ ಗೃಹಸ್ಥರಲ್ಲಿ ಬಹುಮಂದಿ ಕೊಡುವ ಉತ್ತರವಿದು. ಹೆಸರಿನಲ್ಲಿಯೇ ಕತ್ತಲೆಯನ್ನಿಟ್ಟುಕೊಂಡಿರುವ ಕತ್ತಲಗೆರೆಯಲ್ಲಿ ಈ ಮಾತನ್ನು ಕೇಳಿದಾಗ ನಮಗೆ ತುಸು ನಗೆಯೂ ಬರುವುದುಂಟು. ಹೀಗೆನ್ನುವ ಮಹನೀಯರೇ, ಚನ್ನಗಿರಿಯ ತುಮ್ಕೋಸಿನಲ್ಲಿ ಅಡಿಕೆ ಮಾರಿ ಬಂದ ಹಣವೆಷ್ಟೆಂದು ಪಕ್ಕದ ಮನೆಯವರು ಕೇಳಿದರೆ ಮಾತು ಮರೆಸುತ್ತಾರೆ; ಮಗಳಿಗೆ ವರನನ್ನು ನೋಡುತ್ತಿರುವ ಸಂಗತಿಯನ್ನು ಮಾತು ಗಟ್ಟಿಯಾಗುವವರೆಗೆ ಸೋದರಮಾವನ ಕಿವಿಗೂ ಹಾಕುವುದಿಲ್ಲ; ಆಸ್ಪತ್ರೆಯಲ್ಲಿ ವೈದ್ಯರೆದುರು ಕುಳಿತಾಗ ಹಿಂದೆ ನಿಂತವರ ಕಡೆಗೊಮ್ಮೆ ನೋಡಿ ದನಿಯನ್ನು ತಗ್ಗಿಸುತ್ತಾರೆ. ಇವರೊಳಗೆ ಕಳ್ಳರು ಯಾರೂ ಇಲ್ಲ.

ಗೌಪ್ಯವೆಂಬ ಮಾತಿನ ಮೂಲದಲ್ಲಿರುವುದು ಗುಪ್ ಧಾತು. ಧಾತುಪಾಠವು ಅದಕ್ಕೆ ರಕ್ಷಣೆಯೆಂಬ ಅರ್ಥವನ್ನು ಹೇಳಿದೆ. ಗೋಪ್ತೃ ಎಂದರೆ ಕಾಯುವವನು. ಮರೆಮಾಡುವುದೆಂಬ ಅರ್ಥವು ಕಾಯುವುದರಿಂದಲೇ ಹುಟ್ಟಿದ್ದು. ಹೊಲಕ್ಕೆ ಬೇಲಿ ಹಾಕಿದವನು ನಾಚಿಕೆಯಿಂದ ಬೆಳೆಯನ್ನು ಬಚ್ಚಿಟ್ಟನೆಂದು ಯಾರೂ ಆಡಿಕೊಳ್ಳುವುದಿಲ್ಲವಷ್ಟೆ.

ಈಗಿನ ಕಾಲದಲ್ಲಿ ಮನೆಯವರು ವೈದ್ಯರನ್ನಾಗಲಿ ವಕೀಲರನ್ನಾಗಲಿ ಹಿರಿಯರನ್ನಾಗಲಿ ಕೇಳುವುದಕ್ಕೆ ಮೊದಲು ಕೈಯಲ್ಲಿರುವ ಫೋನನ್ನು ಕೇಳುತ್ತಾರೆ. ಎದೆಯಲ್ಲೊಂದು ಗಂಟು ಕೈಗೆ ತಗುಲಿದ ಸೊಸೆಯು ಅತ್ತೆಗೆ ಹೇಳುವ ಮೊದಲು, ಗಂಡನಿಗೆ ಹೇಳುವುದಕ್ಕೂ ಮೊದಲು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ವೆಬ್ ತಾಣವನ್ನು ತೆರೆದು ನೋಡುತ್ತಾಳೆ. ರಾತ್ರಿಯೆಲ್ಲ ನಿದ್ರೆ ಬಾರದೆ ಹೊರಳಾಡುವ ಹುಡುಗನು ನಿಮ್ಹಾನ್ಸಿನ ತಾಣವನ್ನು ನೋಡುತ್ತಾನೆ. ಗಂಡನ ಹೊಡೆತವನ್ನು ತಾಳಲಾರದವಳು ಮಹಿಳಾ ಆಯೋಗದ ತಾಣವನ್ನು ಹುಡುಕುತ್ತಾಳೆ. ಅಲ್ಲಿ ಇವರು ಓದಿದ್ದೇನೆಂಬುದು ಈಗ ಬಹುಮಟ್ಟಿಗೆ ನಡುವಿನವರಿಗೆ ತಿಳಿಯದು. ತಾಣದ ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳಿದ್ದರೆ, ಹೋಗಿಬರುವ ಬರಹವೆಲ್ಲ ಗೂಢಲಿಪಿಯಲ್ಲಿರುತ್ತದೆ. ಆದರೆ ಯಾವ ತಾಣಕ್ಕೆ ಹೋದರೆಂಬ ಹೆಸರು ಹಾಗೆ ಮುಚ್ಚಿಕೊಂಡಿರುವುದಿಲ್ಲ. ಕಿದ್ವಾಯಿ ಎಂಬ ಹೆಸರೊಂದೇ ಸಾಕು. ಒಳಗಿನ ಕಾಗದವನ್ನು ಬಿಚ್ಚಿ ಓದುವ ಅವಶ್ಯಕತೆ ಯಾರಿಗಿದೆ?

ಹೆಸರು ಹೊರಬೀಳುವ ಬಗೆಯನ್ನು ಮೊದಲು ತಿಳಿಯತಕ್ಕದ್ದು. ಅಂತರ್ಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗಾದರೋ ಅಂಕಿ ನೆನಪಿರದು, ಹೆಸರು ಬೇಕು. ಮೊದಮೊದಲು ಹೆಸರಿಗೂ ಅಂಕಿಗೂ ತಾಳೆ ಹಾಕುವ ಪಟ್ಟಿಯೊಂದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಒಂದೇ ಕಡೆ ಇಟ್ಟುಕೊಂಡು ನಡೆಸುತ್ತಿದ್ದರು. ಯಂತ್ರಗಳ ಸಂಖ್ಯೆ ಬೆಳೆದು ಅದು ಸಾಗದಂತಾಗಲು, ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಆ ಪಟ್ಟಿಯನ್ನು ಲೋಕದಲ್ಲೆಲ್ಲ ಹಂಚಿಡುವ ಏರ್ಪಾಡೊಂದನ್ನು ರಚಿಸಿದರು. ಡಿಎನ್‌ಎಸ್ ಎಂಬುದು ಇದೇ. ನಾವು ಒಂದು ತಾಣದ ಹೆಸರನ್ನು ಬರೆದೊಡನೆ ಫೋನು ಮೊದಲು ಡಿಎನ್‌ಎಸ್ ಯಂತ್ರವೊಂದನ್ನು "ಈ ಹೆಸರಿನವರ ಅಂಕಿ ಯಾವುದು?" ಎಂದು ಕೇಳುತ್ತದೆ, ಉತ್ತರ ಬಂದ ಮೇಲೆಯೇ ಮುಂದಕ್ಕೆ ಹೋಗುತ್ತದೆ. ನಾವು ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ ಈ ಯಂತ್ರವು ಸಾಮಾನ್ಯವಾಗಿ ನಮಗೆ ಸಂಪರ್ಕ ಕೊಟ್ಟ ಕಂಪನಿಯದು: ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಇತ್ಯಾದಿ.

ಈ ಪ್ರಶ್ನೆಯು ಹೋಗುವುದು ತೆರೆದ ಅಂಚೆಕಾರ್ಡಿನಂತೆ. ಏರ್ಪಾಡನ್ನು ಕಟ್ಟಿದವರು ಪರಸ್ಪರ ಪರಿಚಯವುಳ್ಳ ವಿದ್ವಾಂಸರು. ತಮ್ಮ ನಡುವೆ ಕದ್ದು ಓದುವವರು ಸೇರಿಕೊಳ್ಳುವರೆಂಬುದು ಆಗ ಅವರ ಮುಖ್ಯ ಚಿಂತೆಯಾಗಿರಲಿಲ್ಲ. ನಮ್ಮ ದೇಶಕ್ಕೆ ಅಂಚೆಕಾರ್ಡು ಬಂದದ್ದು ೧೮೭೯ನೆಯ ಇಸವಿ ಜುಲೈ ೧ರಂದು, ಕಾಲಾಣೆಯ ಬೆಲೆಗೆ. ಅಗ್ಗವೆಂದು ಜನರೆಲ್ಲ ಅದನ್ನೇ ಹಿಡಿದರು. ಆದರೆ ಮನೆಯ ಒಳಮಾತುಗಳಿಗೆ ಲಕೋಟೆಯನ್ನು ಬಿಡಲಿಲ್ಲ. ಅಷ್ಟು ವಿವೇಕವು ನಮ್ಮ ಅಜ್ಜಂದಿರಿಗೆ ಯಾರೂ ಹೇಳಿಕೊಡದೆಯೇ ಇತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಓದುಬರಹ ಬಾರದವರ ಮನೆಗೆ ಕಾಗದ ಬಂದರೆ ಅದನ್ನು ಶಾಲೆಗೆ ತರುತ್ತಿದ್ದ ಕಾಲವೊಂದಿತ್ತು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ಹೀಗೆ ಓದಿಕೊಟ್ಟ ಕಾಗದಗಳು ಎಷ್ಟೋ. ಲಕೋಟೆಯು ದಾರಿಯಲ್ಲಿ ಎಷ್ಟೇ ಭದ್ರವಾಗಿ ಬಂದಿರಲಿ, ಕಡೆಗೆ ಒಬ್ಬ ಮೇಷ್ಟರ ಕಣ್ಣಿಗೆ ಅದು ಬೀಳಲೇಬೇಕು. ಆ ಜನರು ನೋಡುತ್ತಿದ್ದುದು ಇಷ್ಟೇ: ಈತ ಹೊರಗೆ ಬಾಯಿ ಬಿಡುವವನೋ, ಬಿಡದವನೋ? ಅಂತರ್ಜಾಲದ ಗೌಪ್ಯದ ವಿಷಯದಲ್ಲಿ ಪತ್ರಿಕೆಗಳೂ ಜಾಹೀರಾತುಗಳೂ ಹೇಳದೆ ಬಿಡುವ ಮಾತು ಇದೇ. ಯಾರ ಕಣ್ಣಿಗೂ ಬೀಳದೆ ಹೋಗುವ ದಾರಿ ಎಂಬುದು ಗೃಹಸ್ಥರಿಗೆ ಸಿಕ್ಕುವಂಥಾದ್ದಲ್ಲ. ಓದುವವನನ್ನು ಬದಲಾಯಿಸಿಕೊಳ್ಳಬಹುದು, ಓದುವವನೇ ಇಲ್ಲದಂತೆ ಮಾಡುವುದು ಕಷ್ಟ. ಆದಕಾರಣ ಬೀಗ ಯಾವುದೆಂದು ಕೇಳುವಾಗಲೆಲ್ಲ ಬೀಗದ ಕೈ ಯಾರ ಹತ್ತಿರವೆಂದೂ ಕೇಳತಕ್ಕದ್ದು.

ಗೂಢಲಿಪಿಯು ನಮಗೆ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಚಾರರು ಸುದ್ದಿ ಕಳುಹಿಸುವುದಕ್ಕೆ ಸಂಜ್ಞಾಲಿಪಿಯನ್ನು ಬಳಸುವ ವಿಧಿಯುಂಟು. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೂ ಮ್ಲೇಚ್ಛಿತವಿಕಲ್ಪವೆಂಬ ಗೂಢಭಾಷೆಯ ಕಲೆ ಸೇರಿದೆ. ಅಂದು ಅರಸನ ಚಾರನಿಗಿದ್ದ ಸಾಧನವು ಇಂದು ಅಡಿಗೆಮನೆಯಲ್ಲಿ ಫೋನು ಹಿಡಿದಿರುವ ಗೃಹಿಣಿಗೂ ಕಾಸಿಲ್ಲದೆ ದೊರೆಯುತ್ತದೆಂಬುದು ಸಣ್ಣ ಮಾತಲ್ಲ.

ಡಿಎನ್‌ಎಸ್ ಪ್ರಶ್ನೆಯನ್ನು ಗೂಢಲಿಪಿಯಲ್ಲಿ ಕಳುಹಿಸುವ ಎರಡು ಕ್ರಮಗಳು ೨೦೧೬ರಲ್ಲಿಯೂ ೨೦೧೮ರಲ್ಲಿಯೂ ಪ್ರಮಾಣಗಳಾಗಿ ಪ್ರಕಟವಾದುವು. ೨೦೧೮ರಲ್ಲಿ ಬಂದ ಒಂಬತ್ತನೆಯ ಆಂಡ್ರಾಯ್ಡಿನಿಂದ ಈಚೆಗೆ ಫೋನುಗಳಲ್ಲಿ ಇದಕ್ಕೆ ಅನುಕೂಲವಿದೆ. ಸೆಟ್ಟಿಂಗ್ಸಿನಲ್ಲಿ ನೆಟ್‌ವರ್ಕಿಗೆ ಸಂಬಂಧಿಸಿದ ಭಾಗಕ್ಕೆ ಹೋದರೆ ಪ್ರೈವೇಟ್ ಡಿಎನ್‌ಎಸ್ ಎಂಬ ಸಾಲು ಸಿಕ್ಕುತ್ತದೆ. ಸಿಕ್ಕದಿದ್ದರೆ ಸೆಟ್ಟಿಂಗ್ಸಿನ ಮೇಲ್ಗಡೆ ಹುಡುಕುವ ಜಾಗದಲ್ಲಿ ಅದೇ ಮಾತನ್ನು ಬರೆಯಬೇಕು. ಅಲ್ಲಿ 'ಆಟೋಮ್ಯಾಟಿಕ್' ಎಂದಿದ್ದರೆ, ಸಂಪರ್ಕ ಕೊಟ್ಟ ಕಂಪನಿಯ ಯಂತ್ರಕ್ಕೆ ಗೂಢಲಿಪಿ ತಿಳಿದಿದ್ದರೆ ಮಾತ್ರ ಅದನ್ನು ಬಳಸುತ್ತದೆ, ಇಲ್ಲವಾದರೆ ಹಳೆಯ ಅಂಚೆಕಾರ್ಡೇ. ಅದನ್ನು ಬಿಟ್ಟು, ಹೆಸರು ಬರೆಯುವ ಜಾಗದಲ್ಲಿ ನಾವು ಆರಿಸಿದ ಸಂಸ್ಥೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಉಳಿಸಬೇಕು. ಹಣ ಕೇಳುವವರು ಯಾರೂ ಇಲ್ಲ.

ಯಾರನ್ನು ಆರಿಸುವುದು? ಗೂಗಲ್ ಕಂಪನಿಯವರದು ಉಂಟು, ೨೦೦೯ರಿಂದ ನಡೆದುಬಂದಿದೆ. ಕ್ಲೌಡ್‌ಫ್ಲೇರ್ ಎಂಬ ಅಮೆರಿಕದ ಕಂಪನಿಯದು ೨೦೧೮ರ ಏಪ್ರಿಲ್ ೧ರಂದು ಆರಂಭವಾಯಿತು. ಕ್ವಾಡ್ ನೈನ್ ಎಂಬುದು ಲಾಭದ ಉದ್ದೇಶವಿಲ್ಲದ ಸಂಸ್ಥೆ, ೨೦೨೧ರಿಂದ ಸ್ವಿಟ್ಜರ್ಲೆಂಡಿನಲ್ಲಿದೆ. ಮೋಸದ ತಾಣವೆಂದು ಗೊತ್ತಾದ ಹೆಸರಿಗೆ ಅಂಕಿಯನ್ನೇ ಕೊಡದೆ ತಡೆಯುವುದು ಅದರ ವಿಶೇಷ. ಗೂಗಲ್ಲಿನವರಿಗೆ ನಮ್ಮ ವಿಷಯ ಈಗಾಗಲೇ ಬೇಕಾದಷ್ಟು ಗೊತ್ತಿದೆ. ಇದನ್ನೂ ಅವರ ಮಡಿಲಿಗೇ ಹಾಕುವುದು ನಮಗೆ ಒಗ್ಗಲಿಲ್ಲ. ನಾವು ಕ್ವಾಡ್ ನೈನನ್ನು ಒಪ್ಪುತ್ತೇವೆ. ಅದಕ್ಕೆ ಬರೆಯಬೇಕಾದುದು 'ಡಿಎನ್‌ಎಸ್' ಚುಕ್ಕೆ 'ಕ್ವಾಡ್' ಎಂಬುದಕ್ಕೆ ಸೇರಿಸಿದ ೯ರ ಅಂಕಿ, ಮತ್ತೆ ಚುಕ್ಕೆ, 'ನೆಟ್'; ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಇಷ್ಟರಿಂದಲೇ ಕೆಲಸ ಪೂರ್ತಿಯಾಯಿತೆಂದು ತಿಳಿಯಬಾರದು. ಅಂಕಿಯನ್ನು ತಿಳಿದುಕೊಂಡ ಫೋನು ತಾಣದ ಬಾಗಿಲನ್ನು ತಟ್ಟುವಾಗ "ನನಗೆ ಇಂಥವರು ಬೇಕು" ಎಂದು ಹೆಸರನ್ನು ಹೇಳಿಯೇ ತಟ್ಟುತ್ತದೆ. ಈ ಮೊದಲ ಮಾತು ಇಂದಿಗೂ ಅನೇಕ ತಾಣಗಳ ವಿಷಯದಲ್ಲಿ ತೆರೆದೇ ಹೋಗುತ್ತದೆ. ಅದನ್ನೂ ಮುಚ್ಚುವ ಕ್ರಮ ಬಂದಿದೆ, ಎಲ್ಲ ಕಡೆಯೂ ಬಳಕೆಗೆ ಬಂದಿಲ್ಲ. ಅಂಕಿಯಂತೂ ಕಾಣುತ್ತಲೇ ಇರುತ್ತದೆ. ಆದ್ದರಿಂದ ಸಂಪರ್ಕ ಕೊಟ್ಟ ಕಂಪನಿಯು ಮನಸ್ಸು ಮಾಡಿದರೆ ಹೆಸರನ್ನು ಈಗಲೂ ತಿಳಿಯಬಹುದು. ಕಂಪನಿಗಳು ಸಂಪರ್ಕದ ದಾಖಲೆಯನ್ನು ಕನಿಷ್ಠ ೨ ವರ್ಷ ಇಟ್ಟಿರಬೇಕೆಂದು ೨೦೨೧ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆಯವರು ಪರವಾನಗಿಯ ಷರತ್ತನ್ನು ತಿದ್ದಿದ್ದಾರೆ. ಆದರೂ ಗೂಢಲಿಪಿಯ ಡಿಎನ್‌ಎಸ್ಸಿನಿಂದ ಲಾಭವುಂಟು: ಬಸ್‌ಸ್ಟ್ಯಾಂಡಿನ, ಹಾಸ್ಟೆಲಿನ ವೈಫೈಯಲ್ಲಿ ಕುಳಿತ ಪುಂಡನು ನಡುವೆ ಕೈಹಾಕಿ ಬ್ಯಾಂಕಿನ ಹೆಸರಿಗೆ ಬೇರೆಯ ಅಂಕಿಯನ್ನು ಹೇಳಿ ಮೋಸಗೊಳಿಸುವುದು ಇದರಿಂದ ಬಹಳ ಕಷ್ಟವಾಗುತ್ತದೆ.

ದಾರಿಯನ್ನೇ ಮುಚ್ಚುವ ಸಾಧನ ವಿಪಿಎನ್. ಇದನ್ನು ನಮ್ಮ ಭದ್ರಾ ಅಚ್ಚುಕಟ್ಟಿನ ರೈತರಿಗೆ ತಿಳಿಸುವುದು ಸುಲಭ. ನಾಲೆಯ ನೀರು ತೆರೆದೇ ಹರಿಯುತ್ತದೆ. ಯಾವ ಗದ್ದೆಗೆ ಎಷ್ಟು ಹೋಯಿತೆಂಬುದು ನೀರುಗಂಟಿಗೆ ಕಾಣುತ್ತದೆ. ಆ ನಾಲೆಯೊಳಗೇ ಒಂದು ಮುಚ್ಚಿದ ಕೊಳವೆಯನ್ನು ಹಾಯಿಸಿ, ದೂರದ ಇನ್ನೊಂದು ಕಡೆ ಅದರ ಬಾಯನ್ನು ತೆರೆದರೆ, ಕೊಳವೆಯೊಂದು ಹೋಗಿದೆಯೆಂಬುದೂ ಅದರಲ್ಲಿ ಇಷ್ಟು ಹರಿಯಿತೆಂಬುದೂ ನೀರುಗಂಟಿಗೆ ಗೊತ್ತಾದೀತೇ ಹೊರತು ಎಲ್ಲಿಗೆ, ಏನು ಎಂಬುದು ಗೊತ್ತಾಗದು. ಸರಿ. ಆದರೆ ಕೊಳವೆಯ ಆಚೆಯ ಬಾಯಲ್ಲಿ ಕುಳಿತವನು? ಅವನಿಗೆ ಎಲ್ಲವೂ ಕಾಣುತ್ತದೆ. ಈಚೆಯ ನೀರುಗಂಟಿಗೆ ಮರೆಯಾದದ್ದು ಆಚೆಯ ನೀರುಗಂಟಿಗೆ ತೆರೆದುಕೊಂಡಿತು, ಅಷ್ಟೇ.

ಈ ಸಾಧನವು ಹುಟ್ಟಿದ್ದು ಮನೆಗಳಿಗಾಗಿಯಲ್ಲ, ಕಚೇರಿಗಳಿಗಾಗಿ. ಹೊರಗಿರುವ ನೌಕರನು ಕಚೇರಿಯ ಯಂತ್ರಗಳನ್ನು ಭದ್ರವಾಗಿ ಮುಟ್ಟುವಂತಾಗಲೆಂದು ೧೯೯೬ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಇದರ ಮೊದಲ ಕ್ರಮಗಳಲ್ಲೊಂದನ್ನು ಹೊರತಂದರು. ನಮ್ಮ ಕಡೆಯ ಹಳ್ಳಿಗಳಿಗೆ ವಿಪಿಎನ್ ಎಂಬ ಮಾತು ಬಂದದ್ದೂ ಹೀಗೆಯೇ. ೨೦೨೦ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಬೀಗಮುದ್ರೆ ಬಿದ್ದಾಗ ಬೆಂಗಳೂರಿನಿಂದ ಊರಿಗೆ ಮರಳಿದ ಸಾಫ್ಟ್‌ವೇರ್ ಹುಡುಗರು ಅಟ್ಟದ ಮೇಲೆ, ತೋಟದ ಮನೆಯಲ್ಲಿ, ಸಿಗ್ನಲ್ ಸಿಕ್ಕ ಕಡೆ ಕುಳಿತು ಕಚೇರಿಯ ವಿಪಿಎನ್ ಹಾಕಿಕೊಂಡು ಕೆಲಸ ಮಾಡಿದರು. ಆ ಕೊಳವೆಯ ಆಚೆಯ ಬಾಯಲ್ಲಿ ಕುಳಿತಿರುವುದು ಕಚೇರಿಯೇ. ಕಚೇರಿಯ ಕಂಪ್ಯೂಟರಿನಲ್ಲಿ ಮನೆಯ ಕಾಯಿಲೆ ಕಸಾಲೆಗಳನ್ನೂ ಬೇರೊಂದು ಕೆಲಸದ ಅರ್ಜಿಯನ್ನೂ ನೋಡುವ ಮಕ್ಕಳಿಗೆ ತಂದೆತಾಯಿಗಳು ಇಷ್ಟನ್ನು ತಿಳಿಯಹೇಳಬಹುದು.

ಇನ್ನು ಪುಕ್ಕಟೆಯ ವಿಪಿಎನ್ ಆಪ್‌ಗಳ ವಿಷಯ. ಇವುಗಳ ಬಗ್ಗೆ ನಾವು ಕಟುವಾಗಿಯೇ ಹೇಳುತ್ತೇವೆ. ಕೊಳವೆ ಹಾಕಿ ಯಂತ್ರ ನಡೆಸುವುದಕ್ಕೆ ಹಣ ಬೇಕು. ಬಳಸುವವನು ಕೊಡದಿದ್ದರೆ ಮತ್ತೊಬ್ಬನು ಕೊಡುತ್ತಿದ್ದಾನೆ, ಸುಮ್ಮನೆ ಕೊಡುತ್ತಿರಲಾರನು. ಒನಾವೋ ಎಂಬ ಇಸ್ರೇಲಿನ ಸಂಸ್ಥೆಯನ್ನು ಫೇಸ್‌ಬುಕ್ ಕಂಪನಿಯು ೨೦೧೩ರಲ್ಲಿ ಕೊಂಡುಕೊಂಡಿತು. ಆ ಸಂಸ್ಥೆಯ ಆಪ್ ತಾನು ವಿಪಿಎನ್, ನಿಮ್ಮ ವಿಷಯವನ್ನು ಕಾಪಾಡುತ್ತೇನೆ ಎಂದು ಹೇಳಿಕೊಳ್ಳುತ್ತಿತ್ತು. ಮಾಡುತ್ತಿದ್ದುದು, ಜನರು ಯಾವ ಯಾವ ಆಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆಂಬುದನ್ನು ಒಡೆಯನಿಗೆ ತಿಳಿಸುವ ಕೆಲಸ. ೨೦೧೮ರಲ್ಲಿ ಅದು ಆಪಲ್ ಅಂಗಡಿಯಿಂದ ಹೊರಬಿತ್ತು, ೨೦೧೯ರಲ್ಲಿ ಮುಚ್ಚಿತು. ೨೦೨೩ರ ಜುಲೈಯಲ್ಲಿ ಆಸ್ಟ್ರೇಲಿಯದ ನ್ಯಾಯಾಲಯವು, ಜನರನ್ನು ತಪ್ಪುದಾರಿಗೆ ಎಳೆದ ಕಾರಣಕ್ಕಾಗಿ ಎರಡು ಕೋಟಿ ಆಸ್ಟ್ರೇಲಿಯ ಡಾಲರುಗಳ ದಂಡವನ್ನು ವಿಧಿಸಿತು. ದೊಡ್ಡ ಹೆಸರಿನವರ ಕಾವಲೇ ಹೀಗಾದರೆ, ಹೆಸರು ಕೇಳದ ಪುಕ್ಕಟೆ ಆಪನ್ನು ಮಕ್ಕಳು ಕ್ರಿಕೆಟ್ ನೋಡುವುದಕ್ಕೆಂದು ಹಾಕಿಕೊಂಡ ಫೋನಿನಲ್ಲಿಯೇ ಅಪ್ಪನು ಬ್ಯಾಂಕಿನ ವ್ಯವಹಾರವನ್ನು ಮಾಡಬಹುದೇ? ಅಂಥವು ಫೋನಿನಲ್ಲಿದ್ದರೆ ಇಂದೇ ತೆಗೆದುಹಾಕುವುದು ಒಳ್ಳೆಯದು.

ಹಣ ಕೊಟ್ಟು ಪಡೆಯುವ ವಿಪಿಎನ್ನಿನಲ್ಲಿಯೂ ನೋಡಬೇಕಾದುದುಂಟು. ೨೦೨೨ರ ಏಪ್ರಿಲ್ ೨೮ರಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಎಂಬ ಸಂಸ್ಥೆಯು ಒಂದು ನಿರ್ದೇಶವನ್ನು ಹೊರಡಿಸಿತು. ವಿಪಿಎನ್ ಒದಗಿಸುವವರು ತಮ್ಮ ಗಿರಾಕಿಗಳ ಹೆಸರು, ವಿಳಾಸ, ಫೋನು, ಕೊಟ್ಟ ಅಂಕಿ, ಬಳಸುವ ಉದ್ದೇಶ ಇವುಗಳನ್ನು ಬರೆದಿಟ್ಟುಕೊಂಡು, ಗಿರಾಕಿಯು ಬಿಟ್ಟುಹೋದ ಮೇಲೆಯೂ ೫ ವರ್ಷಗಳವರೆಗೆ ಕಾದಿಡಬೇಕೆಂಬುದು ಅದರ ಸಾರ. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗಳಿಗೆ ಇದು ಅನ್ವಯಿಸುವುದಿಲ್ಲವೆಂದು ತರುವಾಯ ಸ್ಪಷ್ಟಪಡಿಸಿದರು. ಅಪರಾಧಿಗಳನ್ನು ಹಿಡಿಯುವುದಕ್ಕೆ ಅವಶ್ಯಕವೆಂದು ಸರ್ಕಾರದವರು ಹೇಳಿದರು. ದಾಖಲೆಯನ್ನೇ ಇಡುವುದಿಲ್ಲವೆಂದು ಮಾತು ಕೊಟ್ಟು ವ್ಯಾಪಾರ ಮಾಡುತ್ತಿದ್ದ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಮುಂತಾದ ಕಂಪನಿಗಳು ಅದೇ ವರ್ಷ ತಮ್ಮ ಯಂತ್ರಗಳನ್ನು ಭಾರತದಿಂದ ತೆಗೆದುವು. ಆನ್‌ಲೈನ್ ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡವನು ಕಳ್ಳನ ದಾಖಲೆ ಎಲ್ಲಾದರೂ ಇರಲಿ ಎಂದು ಬಯಸುವುದು ಸಹಜ. ಕಳ್ಳನಲ್ಲದವನ ೫ ವರ್ಷದ ದಾಖಲೆಯೂ ಅದೇ ಪೆಟ್ಟಿಗೆಯಲ್ಲಿರಬೇಕೇ ಎಂಬುದು ನಮ್ಮ ಸಂದೇಹ. ಆ ಪೆಟ್ಟಿಗೆಯನ್ನು ಕಳ್ಳರೇ ಒಡೆದರೆ ಗತಿಯೇನು?

ವಿಪಿಎನ್ ಬಳಸುವುದೇ ಅಪರಾಧವೆಂದು ಕೆಲವರು ಹೆದರಿಸುತ್ತಾರೆ. ಅದು ಸರಿಯಲ್ಲ. ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಿಂದಾಗ ಜಿಲ್ಲಾಧಿಕಾರಿಗಳು ನಿಷೇಧದ ಆಜ್ಞೆಯನ್ನು ಹೊರಡಿಸಿದ್ದುಂಟು. ನಮ್ಮ ರಾಜ್ಯದಲ್ಲಿ ಗೃಹಸ್ಥನು ವಿಪಿಎನ್ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದರ ಮರೆಯಲ್ಲಿ ಮಾಡಿದ ಅಪರಾಧವು ಅಪರಾಧವೇ, ಅದು ಬೇರೆ ಮಾತು.

ಈ ಹಕ್ಕಿನ ಚರಿತ್ರೆಯಲ್ಲಿ ಕನ್ನಡನಾಡಿಗೆ ದೊಡ್ಡ ಪಾಲಿದೆಯೆಂಬುದನ್ನು ವಾಚಕರು ಮರೆತಿರಲಾರರು. ಟೆಲಿಫೋನುಗಳನ್ನು ಕದ್ದು ಕೇಳಿದ ಆರೋಪವು ಎದ್ದು ೧೯೮೮ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಟೆಲಿಫೋನು ಕೇಳುವುದಕ್ಕೆ ಸರ್ಕಾರವು ಅನುಸರಿಸತಕ್ಕ ಕಟ್ಟುಪಾಡುಗಳನ್ನು ಸುಪ್ರೀಂ ಕೋರ್ಟು ೧೯೯೬ರ ಡಿಸೆಂಬರಿನಲ್ಲಿ ವಿಧಿಸಿತು. ಬಳಿಕ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ೮೬ನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಸಂವಿಧಾನದಲ್ಲಿ ಗೌಪ್ಯವೆಂಬ ಹಕ್ಕು ಇದೆಯೇ ಎಂಬ ಮೂಲಪ್ರಶ್ನೆಯೇ ಎದ್ದಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರೂ ಏಕಮತದಿಂದ, ಅದು ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ವಿಶ್ರಾಂತಿಯನ್ನು ಬಿಟ್ಟು ಕೋರ್ಟಿಗೆ ಹೋದ ಹಿರಿಯರಿಗೆ, ಮುಚ್ಚಿಡುವಂಥಾದ್ದು ಏನಿತ್ತೆಂದು ಕೇಳುವ ಧೈರ್ಯ ಯಾರಿಗುಂಟು?

ಸರ್ಕಾರ, ಕಂಪನಿ ಎಂದು ದೂರದವರನ್ನು ಕುರಿತು ಇಷ್ಟು ಹೇಳಿದ ಮೇಲೆ ಹತ್ತಿರದವರನ್ನು ಬಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಸೊಸೆಯ ಫೋನನ್ನು ತೆಗೆದು ನೋಡುವವರಿಗೆ ಡಿಎನ್‌ಎಸ್ಸೂ ಬೇಡ, ವಿಪಿಎನ್ನೂ ಬೇಡ. ಬ್ರೌಸರಿನ ಹಿಸ್ಟರಿ ತೆರೆದರೆ ಸಾಕು. ಕಿದ್ವಾಯಿಯ ತಾಣವನ್ನು ನೋಡಿದವಳು ಜಿಯೋ ಕಂಪನಿಗೆ ಹೆದರುವುದಿಲ್ಲ, ಜಗಲಿಯ ಮೇಲಿನ ಮಾತಿಗೆ ಹೆದರುತ್ತಾಳೆ. ಹೆದರಿ ನೋಡದೆ ಉಳಿದರೆ, ಗಂಟು ಬೆಳೆದ ಮೇಲೆ ಮನೆಯವರೆಲ್ಲ ಸೇರಿ ಬೆಂಗಳೂರಿನ ದಾರಿ ಹಿಡಿಯಬೇಕಾದೀತು. ಚಿಕ್ಕ ಮಕ್ಕಳ ಫೋನಿನ ಮೇಲೆ ಕಣ್ಣಿಡುವುದು ತಂದೆತಾಯಿಗಳ ಕರ್ತವ್ಯ, ಅದನ್ನು ಅವರಿಗೆ ಹೇಳಿಯೇ ಮಾಡಬೇಕು. ಇಪ್ಪತ್ತು ದಾಟಿದ ಮಗಳ ಫೋನನ್ನು, ಮನೆಗೆ ಬಂದ ಸೊಸೆಯ ಫೋನನ್ನು ಕೇಳದೆ ಮುಟ್ಟುವ ಹಿರಿಯರು, ಅವಳಿಗೆ ಬಂದ ಲಕೋಟೆಯನ್ನು ಹಿಂದೆ ಹಾಗೆ ಒಡೆಯುತ್ತಿದ್ದರೇ ಎಂದು ಯೋಚಿಸಿನೋಡಲಿ. ಒಡೆಯುತ್ತಿದ್ದ ಮನೆಗಳೂ ಇದ್ದುವೆಂಬುದು ನಮಗೆ ಗೊತ್ತು. ಅಂಥ ಮನೆಗಳಿಗೆ ಯಾರೂ ಹೆಣ್ಣು ಕೊಡಲು ಮುಂದಾಗುತ್ತಿರಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ಗೃಹಸ್ಥನಿಗೆ ವಿಪಿಎನ್ ಅಷ್ಟು ಅವಶ್ಯಕವಲ್ಲ. ಪರವೂರಿನ ವೈಫೈಯನ್ನು ಮೇಲಿಂದ ಮೇಲೆ ಬಳಸುವವರು, ವಕೀಲರು, ಪತ್ರಿಕೆಯವರು ಹಣ ಕೊಟ್ಟು ಒಳ್ಳೆಯದನ್ನು ಇಟ್ಟುಕೊಳ್ಳಲಿ. ಕದ್ದ ಒಟಿಪಿಯಿಂದಾಗಲಿ ಪೊಲೀಸರೆಂದು ಹೇಳಿಕೊಂಡು ಬರುವ ಮೋಸದ ಕರೆಯಿಂದಾಗಲಿ ಅದು ರಕ್ಷಿಸದು. ಹೆಸರು ಹೇಳಿ ಒಳಗೆ ಹೋದ ತಾಣದವರಿಗೆ ನಾವು ಯಾರೆಂಬುದು ಕೊಳವೆಯಿದ್ದರೂ ಗೊತ್ತೇ ಇರುತ್ತದೆ. ಪ್ರೈವೇಟ್ ಡಿಎನ್‌ಎಸ್ಸನ್ನಾದರೋ ಮನೆಯ ಎಲ್ಲ ಫೋನುಗಳಲ್ಲಿಯೂ ಬರೆದಿಡಬಹುದು, ಐದು ನಿಮಿಷದ ಕೆಲಸ. ಐಫೋನು ಇರುವವರು ಆಯಾ ಸಂಸ್ಥೆಯವರೇ ಕೊಡುವ ಆಪ್ ಇಲ್ಲವೆ ಪ್ರೊಫೈಲಿನ ಮೂಲಕ ಮಾಡಬೇಕು. ಕಂಪ್ಯೂಟರಿನ ಕ್ರೋಮಿನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂಬ ಹೆಸರಿನಲ್ಲಿ ಅದೇ ಅನುಕೂಲವಿದೆ.

ದಾವಣಗೆರೆಗೋ ಶಿವಮೊಗ್ಗಕ್ಕೋ ಓದಲು ಹೋಗುವ ಮಕ್ಕಳಿಗೆ ಒಂದು ಸೂಚನೆ. ಹಾಸ್ಟೆಲಿನ ವೈಫೈಗೆ ಮೊದಲ ಸಲ ಸೇರುವಾಗ ಹೆಸರು, ಪಾಸ್‌ವರ್ಡ್ ಕೇಳುವ ಪುಟವು ತೆರೆಯದೆ ಫೋನು ಸುಮ್ಮನೆ ಕುಳಿತರೆ ಗಾಬರಿಯಾಗಬೇಕಾದು ದಿಲ್ಲ. ಪ್ರೈವೇಟ್ ಡಿಎನ್‌ಎಸ್ಸನ್ನು 'ಆಟೋಮ್ಯಾಟಿಕ್' ಎಂಬುದಕ್ಕೆ ತಿರುಗಿಸಿ, ಆ ಪುಟದ ಕೆಲಸವನ್ನು ಮುಗಿಸಿ, ಮತ್ತೆ ಮೊದಲಿನ ಹೆಸರಿಗೆ ತಂದಿಡಬೇಕು. ಅನೇಕರು ಮೊದಲರ್ಧವನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ.